ನೆಲಗಡಲೆ ಬೆಣ್ಣೆ: ಪೌಷ್ಟಿಕತೆ, ತಯಾರಿಕೆ ಮತ್ತು ನಿತ್ಯ ಬಳಕೆ

ನೆಲಗಡಲೆಯು ಕರ್ನಾಟಕದ ಒಣಬೇಸಾಯ ಪ್ರದೇಶದ ಮುಖ್ಯ ಎಣ್ಣೆಕಾಳು ಬೆಳೆ. ದಕ್ಷಿಣದ ಜಿಲ್ಲೆಗಳಲ್ಲಿ ಇದನ್ನು ಕಡಲೆಕಾಯಿ ಎಂದೂ ಉತ್ತರದಲ್ಲಿ ಶೇಂಗಾ ಎಂದೂ ಕರೆಯುತ್ತಾರೆ. ಚಳ್ಳಕೆರೆ, ಪಾವಗಡ, ಶಿರಾ ತಾಲ್ಲೂಕುಗಳ ಕೆಂಪು ಮಣ್ಣಿನಲ್ಲಿ ಮುಂಗಾರಿನ ಮಳೆಯನ್ನೇ ನಂಬಿ ಇದನ್ನು ಬೆಳೆಯುತ್ತಾರೆ. ಗದಗ, ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿ ನೀರಿನ ಅನುಕೂಲ ಇರುವ ಕಡೆ ಬೇಸಿಗೆಯಲ್ಲಿಯೂ ಬೆಳೆಯುವುದುಂಟು. ಬೆಳೆದ ಕಾಯಿಯ ಹೆಚ್ಚಿನ ಭಾಗ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಎಣ್ಣೆ ಗಿರಣಿ ಸೇರುತ್ತದೆ. ಮನೆಯಲ್ಲಿ ಉಳಿಯುವುದು ಬಿತ್ತನೆಗೆ ಬೇಕಾದಷ್ಟು ಬೀಜ ಮತ್ತು ಚಟ್ನಿ, ಹೋಳಿಗೆಗೆಂದು ತೆಗೆದಿಟ್ಟ ಒಂದೆರಡು ಚೀಲ ಮಾತ್ರ.

ಈಚಿನ ವರ್ಷಗಳಲ್ಲಿ ಪಟ್ಟಣದ ಅಂಗಡಿಗಳಲ್ಲಿ ಬಾದಾಮಿ, ಪಿಸ್ತಾ, ಗೋಡಂಬಿ, ನೆಲಗಡಲೆ ಮುಂತಾದವುಗಳನ್ನು ನುಣ್ಣಗೆ ಅರೆದು ಮಾಡಿದ ಬೆಣ್ಣೆಯ ಬಾಟಲಿಗಳು ಕಾಣಸಿಗುತ್ತಿವೆ. ಹೆಸರಿನಲ್ಲಿ ಬೆಣ್ಣೆ ಎಂದಿದ್ದರೂ ಇವುಗಳಲ್ಲಿ ಹಾಲಿನ ಅಂಶ ಇರುವುದಿಲ್ಲ. ಬೀಜದಲ್ಲಿರುವ ಎಣ್ಣೆಯೇ ಅರೆಯುವಾಗ ಹೊರಬಂದು ಹಿಟ್ಟನ್ನು ಬೆಣ್ಣೆಯಂತೆ ಮೃದು ಮಾಡುತ್ತದೆ. ಪಿಸ್ತಾ ಬೆಣ್ಣೆ ಇವುಗಳಲ್ಲಿ ದುಬಾರಿಯಾದದ್ದು. ಪಿಸ್ತಾ ಗಿಡಕ್ಕೆ ದೀರ್ಘವಾದ, ಕೊರೆಯುವ ಚಳಿಗಾಲ ಮತ್ತು ಒಣ ಬೇಸಿಗೆ ಬೇಕು. ಆದುದರಿಂದ ಅದು ಹೆಚ್ಚಾಗಿ ಇರಾನ್, ಟರ್ಕಿ ಮತ್ತು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೆಳೆಯುತ್ತದೆ. ಕರ್ನಾಟಕದ ಹವೆಗೆ ಹೊಂದುವುದಿಲ್ಲ. ಆದರೆ ಪಿಸ್ತಾದ 100 ಗ್ರಾಂನಲ್ಲಿ ಸುಮಾರು 20 ಗ್ರಾಂ ಸಸಾರಜನಕ ಇದ್ದರೆ, ನೆಲಗಡಲೆಯ 100 ಗ್ರಾಂನಲ್ಲಿ ಸುಮಾರು 25 ಗ್ರಾಂ ಇದೆ. ಬಡವರ ಬಾದಾಮಿ ಎಂಬ ಹೆಸರು ನೆಲಗಡಲೆಗೆ ಸುಮ್ಮನೆ ಬಂದಿಲ್ಲ.

ನೆಲಗಡಲೆ ಬೆಣ್ಣೆಯನ್ನು ರೈತರ ಮನೆಯಲ್ಲಿಯೇ ಸುಲಭವಾಗಿ ತಯಾರಿಸಬಹುದು. ಇದಕ್ಕೆ ಯಂತ್ರಕ್ಕಿಂತ ಮುಖ್ಯವಾದುದು ಒಳ್ಳೆಯ ಬೀಜ. ಇಡೀ ಬೀಜವನ್ನು ತಿನ್ನುವಾಗ ಕೆಟ್ಟದ್ದು ಕಣ್ಣಿಗೆ ಬೀಳುತ್ತದೆ, ನಾಲಿಗೆಗೆ ತಿಳಿಯುತ್ತದೆ. ಅರೆದ ಮೇಲೆ ಕೆಟ್ಟ ಬೀಜವೂ ಒಳ್ಳೆಯ ಬೀಜವೂ ಒಂದೇ ಆಗಿಬಿಡುತ್ತವೆ. ಆದುದರಿಂದ ಬೆಣ್ಣೆಯ ಗುಣ ನಿರ್ಧಾರವಾಗುವುದು ಅರೆಯುವ ಮೊದಲು, ಹೊಲದಲ್ಲಿ, ಕಣದಲ್ಲಿ ಮತ್ತು ಮೊರದಲ್ಲಿ.

ಹಿನ್ನೆಲೆ

ನೆಲಗಡಲೆಯ ಮೂಲ ದಕ್ಷಿಣ ಅಮೆರಿಕ. ಹುರಿದ ಬೀಜವನ್ನು ಅರೆದು ಮೆದುವಾದ ಮುದ್ದೆ ಮಾಡುವ ವಿಧಾನಕ್ಕೆ ಕೆನಡಾದ ಮಾರ್ಸೆಲಸ್ ಎಡ್ಸನ್ ಎಂಬವರು 1884ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. 1895ರಲ್ಲಿ ಡಾ. ಜಾನ್ ಹಾರ್ವೆ ಕೆಲಾಗ್ ಅವರು ತಮ್ಮ ವಿಧಾನಕ್ಕೆ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದರು. ಕೃಷಿ ವಿಸ್ತರಣೆಯ ದೃಷ್ಟಿಯಿಂದ ನೆನೆಯಬೇಕಾದ ಹೆಸರು ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರದು. ಅಮೆರಿಕದ ಅಲಬಾಮಾ ಸಂಸ್ಥಾನದ ಟಸ್ಕೀಗಿಯಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಅವರು 1916ರಲ್ಲಿ ನೆಲಗಡಲೆ ಬೆಳೆಯುವ ಕ್ರಮ ಮತ್ತು ಅದನ್ನು 105 ಬಗೆಯಲ್ಲಿ ಅಡಿಗೆಗೆ ಬಳಸುವ ಕ್ರಮವನ್ನು ಕುರಿತು ರೈತರಿಗಾಗಿ ಒಂದು ಪುಸ್ತಿಕೆ ಹೊರತಂದರು. ಹತ್ತಿಯನ್ನೇ ನಂಬಿ, ಭೂಮಿಯ ಸಾರ ಕಳೆದುಕೊಂಡು, ಕಾಯಿಕೊರಕ ಮೂತಿಹುಳುವಿನಿಂದ ನಷ್ಟಕ್ಕೆ ಒಳಗಾಗಿದ್ದ ಬಡ ರೈತರು ಬೆಳೆದುದನ್ನು ಮೊದಲು ತಮ್ಮ ಮನೆಯಲ್ಲಿ ತಿನ್ನಲಿ ಎಂಬುದು ಅವರ ಉದ್ದೇಶವಾಗಿತ್ತು. ನೆಲಗಡಲೆ ಬೆಣ್ಣೆಯನ್ನು ಕಂಡುಹಿಡಿದವರು ಕಾರ್ವರ್ ಎಂದು ಹೇಳುವುದುಂಟು, ಅದು ಸರಿಯಲ್ಲ.

ಭಾರತದಲ್ಲಿ ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವು ನೆಲಗಡಲೆಯನ್ನು ಜನರ ಆಹಾರವಾಗಿ ಬಳಸುವ ಬಗ್ಗೆ ಬಹಳ ಕೆಲಸ ಮಾಡಿದೆ. ಎಣ್ಣೆ ತೆಗೆದ ನೆಲಗಡಲೆ ಹಿಟ್ಟು 75 ಭಾಗ, ಕಡಲೆ ಹಿಟ್ಟು 25 ಭಾಗ ಸೇರಿಸಿ, ಜೀವಸತ್ವ ಮತ್ತು ಖನಿಜಗಳನ್ನು ಬೆರೆಸಿ ಅದು ರೂಪಿಸಿದ ಬಹೂಪಯೋಗಿ ಆಹಾರವು ಇದಕ್ಕೆ ಒಂದು ಉದಾಹರಣೆ. 1996ರಲ್ಲಿ ಫ್ರಾನ್ಸಿನಲ್ಲಿ ತೀವ್ರ ಅಪೌಷ್ಟಿಕತೆಯಿಂದ ಬಳಲುವ ಮಕ್ಕಳಿಗಾಗಿ ತಯಾರಾದ ಚಿಕಿತ್ಸಾ ಆಹಾರಕ್ಕೂ ನೆಲಗಡಲೆ ಮುದ್ದೆಯೇ ಆಧಾರ. ಅದಕ್ಕೆ ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ ಮತ್ತು ಖನಿಜಗಳನ್ನು ಸೇರಿಸುತ್ತಾರೆ. ನೀರಿನ ಅಂಶ ತೀರ ಕಡಿಮೆ ಇರುವುದರಿಂದ ಅದು ಬೇಗ ಕೆಡುವುದಿಲ್ಲ.

ಪೋಷಕಾಂಶಗಳು

ಬೇರೇನನ್ನೂ ಬೆರೆಸದ 100 ಗ್ರಾಂ ನೆಲಗಡಲೆ ಬೆಣ್ಣೆಯಲ್ಲಿ ಸಸಾರಜನಕ 22ರಿಂದ 25 ಗ್ರಾಂ ಇರುತ್ತದೆ. ಕೊಬ್ಬಿನ ಅಂಶ ತಳಿಗೆ ತಕ್ಕಂತೆ 40ರಿಂದ 50 ಗ್ರಾಂ. ಇದು ಸುಮಾರು 570ರಿಂದ 600 ಕ್ಯಾಲೊರಿ ಶಕ್ತಿಯನ್ನು ಒದಗಿಸುತ್ತದೆ. ಊಟದ ಒಂದು ದೊಡ್ಡ ಚಮಚ, ಅಂದರೆ ಸುಮಾರು 16 ಗ್ರಾಂ ಬೆಣ್ಣೆಯಿಂದ 90ರಿಂದ 95 ಕ್ಯಾಲೊರಿ ಮತ್ತು ಹೆಚ್ಚು ಕಡಿಮೆ 4 ಗ್ರಾಂ ಸಸಾರಜನಕ ದೊರೆಯುತ್ತದೆ.

ನೆಲಗಡಲೆಯ ಕೊಬ್ಬಿನಲ್ಲಿ ಐದರಲ್ಲಿ ನಾಲ್ಕು ಭಾಗಕ್ಕೂ ಹೆಚ್ಚು ಅಪರ್ಯಾಪ್ತ ಕೊಬ್ಬು. ತುಪ್ಪ, ವನಸ್ಪತಿಗಳಿಗೆ ಬದಲಾಗಿ ಇಂಥ ಕೊಬ್ಬನ್ನು ಬಳಸಿದಾಗ ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲ್ ಕಡಿಮೆಯಾಗುತ್ತದೆ. ಎಲ್ಲ ಸಸ್ಯಜನ್ಯ ಆಹಾರಗಳಂತೆ ನೆಲಗಡಲೆಯಲ್ಲಿಯೂ ಕೊಲೆಸ್ಟರಾಲ್ ಇಲ್ಲ. ಪಿಷ್ಟದ ಅಂಶ ಕಡಿಮೆ ಇರುವುದರಿಂದ ಇದು ರಕ್ತದ ಸಕ್ಕರೆಯನ್ನು ಒಮ್ಮೆಲೇ ಏರಿಸುವುದಿಲ್ಲ. ಬರಿಯ ರೊಟ್ಟಿ ಅಥವಾ ಬ್ರೆಡ್ಡಿಗಿಂತ ಇದನ್ನು ಸವರಿಕೊಂಡು ತಿಂದಾಗ ಹೊಟ್ಟೆ ತುಂಬಿದಂತೆ ಹೆಚ್ಚು ಹೊತ್ತು ಇರುತ್ತದೆ.

ಬಿ ಗುಂಪಿಗೆ ಸೇರಿದ ನಯಾಸಿನ್ ಎಂಬ ಜೀವಸತ್ವಕ್ಕೆ ನೆಲಗಡಲೆ ಉತ್ತಮ ಆಕರ. ಇದು ಜೋಳವನ್ನು ಮುಖ್ಯ ಆಹಾರವಾಗಿ ಉಳ್ಳವರಿಗೆ ವಿಶೇಷವಾಗಿ ಸಂಬಂಧಿಸಿದ ವಿಷಯ. ನಯಾಸಿನ್ ಕೊರತೆಯಿಂದ ಪೆಲಾಗ್ರ ಎಂಬ ರೋಗ ಬರುತ್ತದೆ. ಬಿಸಿಲಿಗೆ ಬೀಳುವ ಕೈ, ಕಾಲು, ಕತ್ತಿನ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮನಸ್ಸಿನ ಕಳವಳ ಇದರ ಲಕ್ಷಣಗಳು. ದಖನ್ ಪ್ರಸ್ಥಭೂಮಿಯ ಬಡ ಕೃಷಿ ಕಾರ್ಮಿಕರಲ್ಲಿ, ಜೋಳವನ್ನೇ ಹೆಚ್ಚಾಗಿ ಉಣ್ಣುವವರಲ್ಲಿ, ಈ ರೋಗ ಇದ್ದುದನ್ನು ಹೈದರಾಬಾದಿನ ಪೌಷ್ಟಿಕಾಂಶ ವಿಜ್ಞಾನಿಗಳು 1960ರ ದಶಕದಲ್ಲಿ ಗುರುತಿಸಿದ್ದರು. ಜೋಳದ ರೊಟ್ಟಿಯ ಜೊತೆ ಶೇಂಗಾ ಚಟ್ನಿ ಇರಲೇಬೇಕೆಂಬ ಉತ್ತರ ಕರ್ನಾಟಕದ ರೂಢಿ ರುಚಿಗೆ ಮಾತ್ರವಲ್ಲ, ಆರೋಗ್ಯಕ್ಕೂ ಹಿತವಾದದ್ದು. ಎರಡು ಚಮಚ ಬೆಣ್ಣೆಯಿಂದ ದೊಡ್ಡವರಿಗೆ ದಿನಕ್ಕೆ ಬೇಕಾದ ನಯಾಸಿನ್‌ನ ಸುಮಾರು ಕಾಲು ಭಾಗ ಸಿಗುತ್ತದೆ. ಇದಲ್ಲದೆ ಇ ಜೀವಸತ್ವ, ಫೋಲೇಟ್, ಮೆಗ್ನೀಷಿಯಂ ಮತ್ತು ರಂಜಕವೂ ದೊರೆಯುತ್ತವೆ.

ಹೀಗಿದ್ದರೂ ನೆಲಗಡಲೆಯೊಂದೇ ಪೂರ್ಣ ಆಹಾರವಲ್ಲ. ಇದರ ಸಸಾರಜನಕದಲ್ಲಿ ಲೈಸಿನ್ ಮತ್ತು ಮೆಥಿಯೊನಿನ್ ಎಂಬ ಅಂಶಗಳು ಕಡಿಮೆ. ಬೇಳೆ ಮತ್ತು ಹಾಲಿನಿಂದ ಲೈಸಿನ್ನೂ ರಾಗಿಯಂಥ ಧಾನ್ಯದಿಂದ ಮೆಥಿಯೊನಿನ್ನೂ ಒದಗುತ್ತವೆ. ಎ ಮತ್ತು ಸಿ ಜೀವಸತ್ವ ನೆಲಗಡಲೆ ಬೆಣ್ಣೆಯಲ್ಲಿ ಇಲ್ಲವೆಂದೇ ಹೇಳಬಹುದು. ಸುಣ್ಣದ ಅಂಶವೂ ಸ್ವಲ್ಪವೇ. ಆದುದರಿಂದ ರಾಗಿ, ಸೊಪ್ಪು, ನಿಂಬೆ, ಹಣ್ಣುಗಳ ಜೊತೆಯಲ್ಲಿ ಬಳಸಿದಾಗಲೇ ಇದರ ಪೂರ್ಣ ಪ್ರಯೋಜನ.

ಬೂಷ್ಟಿನ ವಿಷ

ನೆಲಗಡಲೆಯನ್ನು ಕಾಡುವ ದೊಡ್ಡ ಅಪಾಯ ಆಫ್ಲಟಾಕ್ಸಿನ್ ಎಂಬ ವಿಷ. ಇದು ಆಸ್ಪರ್ಜಿಲಸ್ ಫ್ಲೇವಸ್ ಮತ್ತು ಅದೇ ಜಾತಿಯ ಬೂಷ್ಟುಗಳಿಂದ ಉತ್ಪತ್ತಿಯಾಗುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಅವುಗಳಿಗೆ ಹಾಕಿದ್ದ ನೆಲಗಡಲೆ ಹಿಂಡಿಯಲ್ಲಿ ಈ ವಿಷ ಇದ್ದುದು ಪರೀಕ್ಷೆಯಿಂದ ತಿಳಿಯಿತು. ಭಾರತದಲ್ಲಿ 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಗಡಿ ಜಿಲ್ಲೆಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ತಿಂದು ಕಾಮಾಲೆಯಿಂದ 100ಕ್ಕೂ ಹೆಚ್ಚು ಜನ ಮೃತಪಟ್ಟರು. ಅದಕ್ಕೂ ಕಾರಣ ಇದೇ ವಿಷ.

ಒಮ್ಮೆಲೇ ಹೆಚ್ಚು ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ಪಿತ್ತಜನಕಾಂಗ ಕೆಡುತ್ತದೆ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಸೇರಿದರೆ ಪಿತ್ತಜನಕಾಂಗದ ಕ್ಯಾನ್ಸರ್ ಬರಬಹುದು. ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಮೊದಲ ವರ್ಗದಲ್ಲಿ ಇದನ್ನು ಸೇರಿಸಲಾಗಿದೆ. ಹೆಪಟೈಟಿಸ್ ಬಿ ಸೋಂಕು ಇರುವವರಿಗೆ ಅಪಾಯ ಇನ್ನೂ ಹೆಚ್ಚು.

ಈ ವಿಷವು ಎಲ್ಲ ಬೀಜಗಳಲ್ಲಿ ಸಮನಾಗಿ ಹರಡಿರುವುದಿಲ್ಲ. ರಾಶಿಯಲ್ಲಿನ ಕೆಲವೇ ಬೀಜಗಳಲ್ಲಿ ಬಹಳವಾಗಿ ತುಂಬಿರುತ್ತದೆ. ಒಂದು ಬೀಜದ ಪ್ರತಿ ಗ್ರಾಂನಲ್ಲಿ 1000 ಮೈಕ್ರೊಗ್ರಾಂಗಿಂತ ಹೆಚ್ಚು ವಿಷ ಇದ್ದ ಉದಾಹರಣೆಗಳಿವೆ. ಅಂಥ 0.4 ಗ್ರಾಂ ತೂಕದ ಒಂದು ಬೀಜದಲ್ಲಿ 400 ಮೈಕ್ರೊಗ್ರಾಂ ವಿಷ ಇರುತ್ತದೆ. ಅದು 1 ಕಿ.ಗ್ರಾಂ. ಬೆಣ್ಣೆಯಲ್ಲಿ ಸೇರಿದರೆ ಆ ಬೆಣ್ಣೆಯಲ್ಲಿ ಪ್ರತಿ ಕಿ.ಗ್ರಾಂ.ಗೆ 400 ಮೈಕ್ರೊಗ್ರಾಂ ವಿಷ ಆಯಿತು. ಮುಂದೆ ಸಂಸ್ಕರಿಸುವ ನೆಲಗಡಲೆಗೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನಕ ಹಾಕಿರುವ ಮಿತಿ ಪ್ರತಿ ಕಿ.ಗ್ರಾಂ.ಗೆ 15 ಮೈಕ್ರೊಗ್ರಾಂ ಮಾತ್ರ. ಎರಡು ಸಾವಿರಕ್ಕೂ ಹೆಚ್ಚು ಬೀಜಗಳ ನಡುವೆ ಒಂದೇ ಒಂದು ಕೆಟ್ಟ ಬೀಜ ಉಳಿದರೂ ಇಡೀ ಬಾಟಲಿ ಮಿತಿಯ 26 ಪಟ್ಟು ದಾಟಬಹುದು.

ಹುರಿದರೆ ವಿಷ ಹೋಗುತ್ತದೆ ಎಂಬ ಭಾವನೆ ಹಲವರಲ್ಲಿದೆ. ಹುರಿದಾಗ ಬೂಷ್ಟು ಸಾಯುತ್ತದೆ. ಆದರೆ ಅದು ಬಿಟ್ಟ ವಿಷದಲ್ಲಿ ಸ್ವಲ್ಪ ಭಾಗ ಮಾತ್ರ ಕಡಿಮೆಯಾಗುತ್ತದೆ, ಉಳಿದದ್ದು ಹಾಗೆಯೇ ಇರುತ್ತದೆ. ಎಣ್ಣೆ ತೆಗೆಯುವಾಗ ವಿಷದ ಬಹುಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಬೆಣ್ಣೆಯಲ್ಲಿ ಹಾಗಲ್ಲ; ಬೀಜದಲ್ಲಿ ಇರುವುದೆಲ್ಲ ಬೆಣ್ಣೆಗೇ ಬರುತ್ತದೆ. ಅದನ್ನು ತಿನ್ನುವವರಲ್ಲಿ ಮಕ್ಕಳೇ ಹೆಚ್ಚು ಎಂಬುದನ್ನು ಮರೆಯಬಾರದು.

ಹೊಲದಲ್ಲಿ ಮತ್ತು ಕಣದಲ್ಲಿ ವಹಿಸಬೇಕಾದ ಎಚ್ಚರ

ಈ ಬೂಷ್ಟು ಮಣ್ಣಿನಲ್ಲಿಯೇ ಇರುತ್ತದೆ. ಕೊಯ್ಲಿಗೆ ಮೊದಲಿನ 3ರಿಂದ 6 ವಾರಗಳಲ್ಲಿ ಮಳೆ ಕೈಕೊಟ್ಟು ಮಣ್ಣು ಬಿಸಿಯಾದರೆ ಕಾಯಿಯೊಳಕ್ಕೆ ಇಳಿಯುತ್ತದೆ. ಹುಳು ಕೊರೆದ ಅಥವಾ ಬಿರುಕು ಬಿಟ್ಟ ಕಾಯಿ ಅದಕ್ಕೆ ತೆರೆದ ಬಾಗಿಲು. ಇದನ್ನು ತಡೆಯಲು ಕೆಳಗಿನ ಕ್ರಮಗಳನ್ನು ಅನುಸರಿಸಬೇಕು.

1. ಹೂ ಬಿಡುವ ಕಾಲದಲ್ಲಿ, ಮಣ್ಣು ಏರಿಸುವಾಗ, ಎಕರೆಗೆ 200 ಕಿ.ಗ್ರಾಂ. ಜಿಪ್ಸಂ ಹಾಕಬೇಕು. ಇದರಿಂದ ಸುಣ್ಣದ ಅಂಶ ಒದಗಿ ಕಾಯಿ ಗಟ್ಟಿಯಾಗಿ, ಬೀಜ ತುಂಬಿ ಬರುತ್ತದೆ.

2. ನೀರಿನ ಅನುಕೂಲ ಇರುವವರು ಕಾಯಿ ಬಲಿಯುವ ಹಂತದಲ್ಲಿ ಒಂದು ತಂಪು ನೀರು ಕೊಡುವುದನ್ನು ತಪ್ಪಿಸಬಾರದು.

3. ಬಲಿತ ಕೂಡಲೇ ಕೀಳಬೇಕು. ಕಾಯಿ ಒಡೆದು ನೋಡಿದಾಗ ಸಿಪ್ಪೆಯ ಒಳಮೈ ಕಂದು ಬಣ್ಣಕ್ಕೆ ತಿರುಗಿದ್ದರೆ ಬಲಿತಿದೆ ಎಂದು ತಿಳಿಯಬೇಕು. ನಾಲ್ಕರಲ್ಲಿ ಮೂರು ಪಾಲು ಕಾಯಿಗಳಲ್ಲಿ ಈ ಗುರುತು ಕಂಡಾಗ ಕೊಯ್ಲು ಮಾಡಬೇಕು.

4. ಕಿತ್ತ ಬಳ್ಳಿಗಳನ್ನು ಕಾಯಿ ಮೇಲ್ಮುಖವಾಗಿ ಇರುವಂತೆ ಸಾಲಾಗಿ ಹರಡಿ ಒಣಗಿಸಬೇಕು. ಹಸಿ ಬಳ್ಳಿಯನ್ನು ಒಟ್ಟಿ ಬಣವೆ ಹಾಕಬಾರದು.

5. ಬಿಡಿಸಿದ ಕಾಯಿಯನ್ನು ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ ತೇವಾಂಶ ಶೇಕಡ 8ಕ್ಕಿಂತ ಕಡಿಮೆ ಆಗುವವರೆಗೆ ಒಣಗಿಸಬೇಕು. ಅಲ್ಲಾಡಿಸಿದಾಗ ಬೀಜ ಗಲಗಲ ಎನ್ನಬೇಕು. ಉಜ್ಜಿದರೆ ಬೀಜದ ಕೆಂಪು ಸಿಪ್ಪೆ ಬಿಡಬೇಕು. ಇದು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ.

6. ಸುಲಿಯುವ ಯಂತ್ರದಲ್ಲಿ ಬೀಜ ಒಡೆಯದಿರಲೆಂದು ಕಾಯಿಯ ಮೇಲೆ ನೀರು ಚಿಮುಕಿಸುವ ರೂಢಿ ಇದೆ. ತಿನ್ನುವ ಬೀಜಕ್ಕೆ ಇದನ್ನು ಖಂಡಿತ ಮಾಡಬಾರದು. ಒಣಗಿಸಿದ ಶ್ರಮವೆಲ್ಲ ಇದರಿಂದ ವ್ಯರ್ಥವಾಗಿ ಬೂಷ್ಟು ಮತ್ತೆ ಚಿಗುರುತ್ತದೆ.

7. ಕಾಯಿಯನ್ನು ಸಿಪ್ಪೆ ಸಹಿತವೇ, ಗಾಳಿಯಾಡುವ ಗೋಣಿಚೀಲಗಳಲ್ಲಿ, ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಬೇಕು. ಬೆಣ್ಣೆಗೆ ಬೇಕಾದಷ್ಟನ್ನು ಆಗಾಗ ಸುಲಿದುಕೊಳ್ಳುವುದು ಒಳ್ಳೆಯದು.

ತಯಾರಿಸುವ ವಿಧಾನ

ಒಂದೂವರೆ ಕಿ.ಗ್ರಾಂ. ಒಳ್ಳೆಯ ಕಾಯಿಯನ್ನು ಸುಲಿದರೆ ಸುಮಾರು 1 ಕಿ.ಗ್ರಾಂ. ಬೀಜ ಸಿಗುತ್ತದೆ. ಈ ಬೀಜಕ್ಕೆ 10 ಗ್ರಾಂ ಪುಡಿ ಉಪ್ಪು ಸಾಕು. ಸಿಹಿ ಬೇಕೆನ್ನುವವರು 30ರಿಂದ 50 ಗ್ರಾಂ ಸಕ್ಕರೆ ಪುಡಿಯನ್ನೋ ಚೆನ್ನಾಗಿ ಒಣಗಿದ ಬೆಲ್ಲದ ಪುಡಿಯನ್ನೋ ಸೇರಿಸಬಹುದು. ಬೇರೆ ಎಣ್ಣೆ ಬೆರೆಸುವ ಅಗತ್ಯವಿಲ್ಲ.

ಮೊದಲನೆಯ ಆಯ್ಕೆ: ಬೀಜವನ್ನು ಬೆಳಕಿನಲ್ಲಿ ಬಿಳಿಯ ಬಟ್ಟೆಯ ಮೇಲೆ ಹರಡಬೇಕು. ಸುಕ್ಕುಗಟ್ಟಿದ, ಒಡೆದ, ಹುಳು ಕೊರೆದ, ಮೊಳೆತ, ಕಪ್ಪು ಅಥವಾ ಹಳದಿ ಹಸಿರು ಬಣ್ಣದ ಬೀಜಗಳನ್ನು ಆರಿಸಿ ತೆಗೆಯಬೇಕು. ವಿಷದ ಹೆಚ್ಚಿನ ಪಾಲು ಇಂಥ ಬೀಜಗಳಲ್ಲಿಯೇ ಇರುತ್ತದೆ. ಸಂಶಯ ಬಂದ ಬೀಜವನ್ನು ಉಳಿಸಿಕೊಳ್ಳಬಾರದು.

ಹುರಿಯುವುದು: ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಕೈ ಬಿಡದೆ ಆಡಿಸುತ್ತ ಹುರಿಯಬೇಕು. ಬೀಜ ಒಳಗಿನವರೆಗೂ ಹದವಾದ ಹೊಂಬಣ್ಣಕ್ಕೆ ಬಂದು ಘಮ ಎನ್ನಬೇಕು. ಉರಿ ಹೆಚ್ಚಾದರೆ ಹೊರಗೆ ಸೀದು ಒಳಗೆ ಹಸಿಯಾಗಿ ಉಳಿಯುತ್ತದೆ. ಸೀದ ಬೀಜದಿಂದ ಬೆಣ್ಣೆ ಕಹಿಯಾಗುತ್ತದೆ. ಹುರಿದ ಕೂಡಲೇ ಅಗಲವಾದ ತಟ್ಟೆಗೆ ಸುರಿದು ಆರಿಸಬೇಕು. ಬಾಣಲೆಯಲ್ಲಿಯೇ ಬಿಟ್ಟರೆ ಕಾವಿಗೆ ಕಪ್ಪಾಗುತ್ತದೆ.

ಸಿಪ್ಪೆ ತೆಗೆಯುವುದು: ಆರಿದ ಬೀಜವನ್ನು ಒರಟು ಬಟ್ಟೆಯಲ್ಲಿ ಹಾಕಿ ಉಜ್ಜಿ, ಮೊರದಲ್ಲಿ ಕೇರಬೇಕು. ಎರಡು ಬೇಳೆಗಳ ನಡುವಿನ ಮೊಳಕೆಯ ಮೂತಿ ಸ್ವಲ್ಪ ಕಹಿ. ಬೀಜವನ್ನು ಇಬ್ಭಾಗ ಮಾಡಿ ಕೇರಿದರೆ ಅದೂ ಹೋಗುತ್ತದೆ.

ಎರಡನೆಯ ಆಯ್ಕೆ: ಸಿಪ್ಪೆ ಹೋದ ಮೇಲೆ ಮತ್ತೊಮ್ಮೆ ಆರಿಸಬೇಕು. ಕೆಂಪು ಸಿಪ್ಪೆಯ ಕೆಳಗೆ ಅಡಗಿದ್ದ ಕಲೆ ಈಗ ಎದ್ದು ಕಾಣುತ್ತದೆ. ಒಳ್ಳೆಯ ಬೀಜದ ನಡುವೆ ಕಂದು ಕಲೆಯ ಬೀಜ, ಸಿಪ್ಪೆ ಬಿಡದೆ ಅಂಟಿಕೊಂಡ ಬೀಜ ಕಂಡರೆ ತೆಗೆದುಹಾಕಬೇಕು. ಮನೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಹಂತ ಇದು. ಒಂದು ಕಿ.ಗ್ರಾಂ. ಬೀಜವನ್ನು ಎರಡು ಸಲ ಆರಿಸಲು ಅರ್ಧ ಗಂಟೆ ಹಿಡಿಯಬಹುದು. ಆದರೆ ಇದರಷ್ಟು ಬೆಲೆಬಾಳುವ ಅರ್ಧ ಗಂಟೆ ಈ ಕೆಲಸದಲ್ಲಿ ಬೇರೆ ಇಲ್ಲ.

ಅರೆಯುವುದು: ಮಿಕ್ಸಿ ಅಥವಾ ಒರಳುಕಲ್ಲಿನಲ್ಲಿ ಅರೆಯಬಹುದು. ಪಾತ್ರೆ ಪೂರ್ತಿ ಒಣಗಿರಬೇಕು. ಬೀಜ ಮೊದಲು ಪುಡಿಯಾಗುತ್ತದೆ, ಆಮೇಲೆ ಗಂಟು ಗಂಟಾಗಿ ಅಂಟಿಕೊಳ್ಳುತ್ತದೆ, ಕೊನೆಗೆ ಎಣ್ಣೆ ಬಿಟ್ಟು ಸಡಿಲವಾಗಿ ಹರಿಯತೊಡಗುತ್ತದೆ. ಪುಡಿಯ ಹಂತದಲ್ಲಿ ಬೆಣ್ಣೆ ಆಗಲಿಲ್ಲವೆಂದು ನೀರು ಹಾಕುವುದು ಸಾಮಾನ್ಯವಾದ ತಪ್ಪು. ನೀರು ಬಿದ್ದರೆ ಅದು ಚಟ್ನಿಯಾಗುತ್ತದೆ, ಎರಡು ದಿನ ಸಹ ನಿಲ್ಲುವುದಿಲ್ಲ. ಮಿಕ್ಸಿ ಬಿಸಿಯಾಗದಂತೆ ನಡುನಡುವೆ ನಿಲ್ಲಿಸಿ, ಅಂಚಿಗೆ ಅಂಟಿದ್ದನ್ನು ಕೆರೆದು ಮತ್ತೆ ಅರೆಯಬೇಕು. ಉಪ್ಪು, ಸಿಹಿಯನ್ನು ಕೊನೆಯಲ್ಲಿ ಸೇರಿಸಬೇಕು.

ಆರಿಸಿ ತೆಗೆದ ಕೆಟ್ಟ ಬೀಜವನ್ನು ಹಸು, ಎಮ್ಮೆ, ಕೋಳಿಗಳಿಗೆ ಹಾಕಬಾರದು; ಗಾಣಕ್ಕೂ ಕಳಿಸಬಾರದು. ಹಸು ತಿಂದ ವಿಷದಲ್ಲಿ ಒಂದು ಭಾಗ ರೂಪ ಬದಲಿಸಿ ಹಾಲಿನಲ್ಲಿ ಇಳಿಯುತ್ತದೆ, ಹಾಲನ್ನು ಕಾಯಿಸಿದರೂ ಹೋಗುವುದಿಲ್ಲ. ಬೆಣ್ಣೆಯಿಂದ ತೆಗೆದ ವಿಷವನ್ನು ಹಾಲಿನ ಮೂಲಕ ಅದೇ ಮಗುವಿಗೆ ಕುಡಿಸಿದಂತೆ ಆಗುತ್ತದೆ. ಅಂಥ ಬೀಜವನ್ನು ಗುಂಡಿ ತೋಡಿ ಹೂಳುವುದೇ ಸರಿ.

ಶೇಖರಣೆ

ಬೆಣ್ಣೆಯನ್ನು ಬಿಸಿ ನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಒಣಗಿಸಿದ ಗಾಜಿನ ಬಾಟಲಿಯಲ್ಲಿ ತುಂಬಿ, ಬಿಗಿಯಾಗಿ ಮುಚ್ಚಿ, ಬೆಳಕು ಬೀಳದ ತಂಪು ಜಾಗದಲ್ಲಿ ಇಡಬೇಕು. ಒಣ ಚಮಚವನ್ನೇ ಬಳಸಬೇಕು. ಕೆಲವು ದಿನಗಳಲ್ಲಿ ಎಣ್ಣೆ ಮೇಲೆ ತೇಲಿ ನಿಲ್ಲುತ್ತದೆ. ಇದು ದೋಷವಲ್ಲ, ಬೇರೇನೂ ಬೆರೆಸಿಲ್ಲ ಎಂಬುದರ ಗುರುತು. ಚೆನ್ನಾಗಿ ಕಲಕಿ ಬಳಸಬೇಕು. ಅಂಗಡಿಯ ಕೆಲವು ಬೆಣ್ಣೆಗಳಲ್ಲಿ ಎಣ್ಣೆ ತೇಲದಂತೆ ಗಟ್ಟಿಗೊಳಿಸಿದ ಸಸ್ಯಜನ್ಯ ಕೊಬ್ಬನ್ನು ಸೇರಿಸಿರುತ್ತಾರೆ. ಮನೆಯ ಬೆಣ್ಣೆಯನ್ನು ಒಂದು ತಿಂಗಳಿನೊಳಗೆ ಮುಗಿಸುವಂತೆ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳುವುದು ಉತ್ತಮ. ಕಮಟು ವಾಸನೆ ಬಂದರೆ ಬಳಸಬಾರದು.

ತಳಿಯನ್ನು ಅವಲಂಬಿಸಿಯೂ ಬಾಳಿಕೆ ಬದಲಾಗುತ್ತದೆ. 2020ರಲ್ಲಿ ಬಿಡುಗಡೆಯಾದ ಗಿರ್ನಾರ್-4 ಮತ್ತು ಗಿರ್ನಾರ್-5 ತಳಿಗಳ ಎಣ್ಣೆಯಲ್ಲಿ ಓಲಿಯಿಕ್ ಆಮ್ಲ ಶೇಕಡ 80ರ ಸುಮಾರಿಗೆ ಇದೆ. ಈ ಆಮ್ಲ ಹೆಚ್ಚಿದ್ದಷ್ಟೂ ಎಣ್ಣೆ ಬೇಗ ಕಮಟಾಗುವುದಿಲ್ಲ. ತಿನ್ನುವ ಬೀಜವನ್ನೂ ಬೆಣ್ಣೆಯನ್ನೂ ಮಾರಬೇಕೆನ್ನುವ ರೈತರಿಗೆ ಇಂಥ ತಳಿಗಳು ಅನುಕೂಲ. ಬಿತ್ತನೆ ಬೀಜದ ಬಗ್ಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬೇಕು.

ನಿತ್ಯದ ಬಳಕೆ

ನೆಲಗಡಲೆ ಬೆಣ್ಣೆಗೆ ಬ್ರೆಡ್ಡೇ ಆಗಬೇಕೆಂದಿಲ್ಲ. ರೂಢಿಯ ಅಡಿಗೆಯಲ್ಲಿಯೇ ಇದಕ್ಕೆ ಸ್ಥಾನವಿದೆ.

ರೊಟ್ಟಿ, ಚಪಾತಿ: ಜೋಳ ಅಥವಾ ಸಜ್ಜೆಯ ಬಿಸಿ ರೊಟ್ಟಿಗೆ ಸವರಿ, ಮೇಲೆ ಸ್ವಲ್ಪ ಚಟ್ನಿಪುಡಿ ಉದುರಿಸಿ ಹಸಿ ಈರುಳ್ಳಿ, ಸೌತೆಕಾಯಿ ಜೊತೆ ತಿನ್ನಬಹುದು. ಶಾಲೆಗೆ ಹೋಗುವ ಮಕ್ಕಳ ಬುತ್ತಿಗೆ ಬೆಲ್ಲ ಸೇರಿಸಿ ಸವರಿದ ಚಪಾತಿ ಸುರುಳಿ ಒಳ್ಳೆಯದು.

ರಾಗಿ ಗಂಜಿ: 25 ಗ್ರಾಂ ರಾಗಿ ಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಕದಡಿ ಬೇಯಿಸಿ, ಕೆಳಗಿಳಿಸಿದ ಮೇಲೆ ಒಂದು ಚಮಚ ಬೆಣ್ಣೆ ಮತ್ತು 10 ಗ್ರಾಂ ಬೆಲ್ಲ ಕಲಸಬೇಕು. ಬರಿಯ ರಾಗಿ ಮತ್ತು ಬೆಲ್ಲದಿಂದ ಸುಮಾರು 120 ಕ್ಯಾಲೊರಿ, 2 ಗ್ರಾಂಗಿಂತ ಕಡಿಮೆ ಸಸಾರಜನಕ ಸಿಗುತ್ತಿತ್ತು. ಒಂದು ಚಮಚ ಬೆಣ್ಣೆಯಿಂದ ಅದು 210 ಕ್ಯಾಲೊರಿ, 5 ಗ್ರಾಂಗಿಂತ ಹೆಚ್ಚು ಸಸಾರಜನಕಕ್ಕೆ ಏರುತ್ತದೆ. ನೆಲಗಡಲೆಯಲ್ಲಿ ಕಡಿಮೆ ಇರುವ ಸುಣ್ಣದ ಅಂಶ ರಾಗಿಯಲ್ಲಿ ಧಾರಾಳವಾಗಿದೆ.

ಪಲ್ಯ, ಎಣ್ಣೆಗಾಯಿ: ಬದನೆಕಾಯಿ ಎಣ್ಣೆಗಾಯಿಗೆ ಶೇಂಗಾ ಪುಡಿಯ ಬದಲು ಎರಡು ಚಮಚ ಬೆಣ್ಣೆ ಹಾಕಿದರೆ ಗೊಜ್ಜು ಗಟ್ಟಿಯಾಗಿ ಬರುತ್ತದೆ, ಒಗ್ಗರಣೆಯ ಎಣ್ಣೆಯನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಬಹುದು. ಇದಕ್ಕೆ ಸಿಹಿ ಬೆರೆಸದ ಬೆಣ್ಣೆಯನ್ನೇ ಬಳಸಬೇಕು.

ದಿಢೀರ್ ಚಟ್ನಿ: ಎರಡು ಚಮಚ ಬೆಣ್ಣೆಗೆ ಹುಣಿಸೆ ರಸ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಅರೆದು ಸೇರಿಸಿ ನೀರಿನಿಂದ ಸಡಿಲಿಸಿದರೆ ದೋಸೆ, ಇಡ್ಲಿಗೆ ಚಟ್ನಿ ಸಿದ್ಧ. ಹೊಲದ ಕೆಲಸದ ದಿನಗಳಲ್ಲಿ ಇದು ಗೃಹಿಣಿಯರ ಸಮಯ ಉಳಿಸುತ್ತದೆ.

ಉಂಡೆ: ಹುರಿದ ರಾಗಿ ಹಿಟ್ಟು, ಬೆಲ್ಲದ ಪುಡಿ ಮತ್ತು ಬೆಣ್ಣೆಯನ್ನು ಕಲಸಿ ಉಂಡೆ ಕಟ್ಟಬಹುದು. ತುಪ್ಪ ಬೇಕಾಗುವುದಿಲ್ಲ.

ಮನೆಯಲ್ಲಿಯೇ ಮಾಡಬಹುದಾದ ಮತ್ತೊಂದು ಪೌಷ್ಟಿಕ ಆಹಾರ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಿಶ್ರಣ. ಹುರಿದ ಗೋಧಿ 40 ಗ್ರಾಂ, ಹುರಿಗಡಲೆ 16 ಗ್ರಾಂ, ಹುರಿದ ನೆಲಗಡಲೆ 10 ಗ್ರಾಂ, ಬೆಲ್ಲ 20 ಗ್ರಾಂ ಸೇರಿಸಿದ ಈ ಮಿಶ್ರಣದಿಂದ ಸುಮಾರು 330 ಕ್ಯಾಲೊರಿ ಮತ್ತು 11 ಗ್ರಾಂ ಸಸಾರಜನಕ ದೊರೆಯುತ್ತದೆ. ಇದರಲ್ಲಿನ ನೆಲಗಡಲೆಯನ್ನು ಬೆಣ್ಣೆಯ ರೂಪದಲ್ಲಿ ಸೇರಿಸಲು ಅಡ್ಡಿಯಿಲ್ಲ.

ಯಾರು ಎಚ್ಚರ ವಹಿಸಬೇಕು

ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲೇ ಸಾಕು. ಆಮೇಲೆ ಬೆಣ್ಣೆಯನ್ನು ಗಂಜಿಯಲ್ಲಿ ತೆಳುವಾಗಿ ಕದಡಿ, ಕಾಲು ಚಮಚದಿಂದ ಆರಂಭಿಸಿ ಕೊಡಬಹುದು. ಇಡೀ ಬೀಜವನ್ನು ಐದು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಉಸಿರುನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಗಟ್ಟಿ ಬೆಣ್ಣೆಯ ಮುದ್ದೆಯೂ ಗಂಟಲಿಗೆ ಅಂಟಿಕೊಳ್ಳಬಹುದು.

ಕೆಲವರಿಗೆ ನೆಲಗಡಲೆ ಒಗ್ಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮೈಮೇಲೆ ಗಂಧೆ, ತುಟಿ ಮುಖದ ಬಾವು, ವಾಂತಿ, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಈ ಭಯದಿಂದ ಮಕ್ಕಳಿಗೆ ನೆಲಗಡಲೆಯನ್ನೇ ಕೊಡದಿರುವುದು ಸರಿಯಲ್ಲ ಎಂದು 2015ರಲ್ಲಿ ಲಂಡನ್ನಿನಲ್ಲಿ 640 ಮಕ್ಕಳ ಮೇಲೆ ನಡೆದ ಅಧ್ಯಯನದಿಂದ ತಿಳಿದುಬಂತು. ಮೊದಲ ವರ್ಷದಿಂದಲೇ ತಿಂದ ಮಕ್ಕಳಲ್ಲಿ ಈ ತೊಂದರೆ ತಿನ್ನದವರಿಗಿಂತ ಬಹಳ ಕಡಿಮೆ ಇತ್ತು. ತೀವ್ರ ಇಸುಬು ಅಥವಾ ಮೊಟ್ಟೆ ಒಗ್ಗದಿರುವ ಮಗುವಿಗೆ ಮಾತ್ರ ವೈದ್ಯರನ್ನು ಕೇಳಿ ಆರಂಭಿಸಬೇಕು. ತೀರ ಬಡಕಲಾದ ಮಗುವಿಗೆ ಮನೆಯ ಬೆಣ್ಣೆಯೇ ಚಿಕಿತ್ಸೆಯಲ್ಲ. ಅಂಥ ಮಗುವನ್ನು ಅಂಗನವಾಡಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಬೇಕು.

ದೊಡ್ಡವರಿಗೆ ದಿನಕ್ಕೆ ಒಂದರಿಂದ ಎರಡು ಚಮಚ ಸಾಕು. ಮೈಬಗ್ಗಿಸಿ ದುಡಿಯದವರು ಇದನ್ನು ಊಟದ ಮೇಲೆ ಹೆಚ್ಚುವರಿಯಾಗಿ ತಿನ್ನದೆ, ಎಣ್ಣೆ ತುಪ್ಪದ ಬದಲಿಗೆ ಬಳಸಬೇಕು.

ಮಾರಾಟ

ಮಹಿಳಾ ಸ್ವಸಹಾಯ ಗುಂಪುಗಳು ಮತ್ತು ರೈತ ಉತ್ಪಾದಕರ ಸಂಘಗಳು ಇದನ್ನು ಸಣ್ಣ ಉದ್ಯಮವಾಗಿ ಕೈಗೊಳ್ಳಬಹುದು. ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. ಬಾಟಲಿಯ ಮೇಲೆ ತಯಾರಿಸಿದ ದಿನ, ಬಳಸಬಹುದಾದ ಅವಧಿ, ಬೆರೆಸಿದ ಪದಾರ್ಥಗಳು ಮತ್ತು ನೆಲಗಡಲೆ ಒಗ್ಗದವರಿಗೆ ಎಚ್ಚರಿಕೆ ಇರಬೇಕು. ಪ್ರತಿ ರಾಶಿಯ ಮಾದರಿಯನ್ನು ಪ್ರಯೋಗಾಲಯದಲ್ಲಿ ಆಫ್ಲಟಾಕ್ಸಿನ್ ಪರೀಕ್ಷೆಗೆ ಕೊಡಬೇಕು. ಕಣ್ಣಿಗೆ ಶುದ್ಧವಾಗಿ ಕಂಡ ಬೀಜದಲ್ಲಿಯೂ ವಿಷ ಇರಬಹುದಾದ್ದರಿಂದ ಮಾರುವ ಬೆಣ್ಣೆಗೆ ಈ ಪರೀಕ್ಷೆ ಅವಶ್ಯ. ವರ್ತಕರು ಬೀಜದ ಗಾತ್ರ ಮತ್ತು ಎಣ್ಣೆಯ ಅಂಶ ನೋಡಿ ಬೆಲೆ ಕಟ್ಟುತ್ತಾರೆ. ಬೆಣ್ಣೆ ಮಾಡುವವರಿಗೆ ಚೆನ್ನಾಗಿ ಒಣಗಿದ, ಕಲೆಯಿಲ್ಲದ ಬೀಜವೇ ಬಂಡವಾಳ. ಹಾಗೆ ಒಣಗಿಸಿದ ರೈತನಿಗೆ ಗುಂಪು ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೆ ಆ ಅಭ್ಯಾಸ ಊರಿನಲ್ಲಿ ಹರಡುತ್ತದೆ.

ನೆಲಗಡಲೆ ಬೆಳೆಯುವ ಮನೆಯ ಮಕ್ಕಳು ಸಸಾರಜನಕದ ಕೊರತೆಯಿಂದ ಬಳಲಬೇಕಾದ ಕಾರಣವಿಲ್ಲ. ಕೊಯ್ಲಾದ ಮೇಲೆ ಚೀಲಗಳೆಲ್ಲವನ್ನೂ ಮಾರುಕಟ್ಟೆಗೆ ಹೇರುವ ಮೊದಲು ಚೆನ್ನಾಗಿ ಒಣಗಿದ ಒಂದು ಚೀಲ ಕಾಯಿಯನ್ನು ಮನೆಗೆಂದು ತೆಗೆದಿಡಬೇಕು. ಅದನ್ನು ಆಗಾಗ ಸುಲಿದು, ಎರಡು ಸಲ ಆರಿಸಿ, ಹದವಾಗಿ ಹುರಿದು, ನೀರು ಸೋಕಿಸದೆ ಅರೆದರೆ ಆ ಒಂದು ಚೀಲವೇ ಮನೆಯವರಿಗೆ ಹಲವು ತಿಂಗಳು ಪುಷ್ಟಿಕರವಾದ ಆಹಾರ ಆಗುತ್ತದೆ.